ಶುಕ್ರವಾರದ ನಿರಾಕರಣೆಗಳು

ಅಸ್ಮತ್ ಸೈಕಲ್ಲಿನ ಹಿಂಬದಿಯನ್ನು ಎತ್ತಿ ಸ್ಟ್ಯಾಂಡಿನಿಂದ ಹೊರಗೆಳೆದಳು. ಕಾಲು ದಾಟಿಸಿ ಸೀಟಿನ ಮೇಲೆ ಕೂತಳು. ಎರಡೂ ಪಾದಗಳು ನೆಲಕ್ಕೆ ತಾಗಿದವು. ಬೆರಳ ತುದಿಯಷ್ಟೇ ಅಲ್ಲ, ಹಿಮ್ಮಡಿ ಸಮೇತ.

"ಇಳೀರಿ," ಎಂದಳು ಜವೇರಿಯಾ. "ಅವರ ಸೈಕಲ್ ಮೇಲೆ ಇನ್ನೊಬ್ಬರು ಕೂತ್ರೆ ನಂಗೆ ನೋಡಕ್ಕಾಗಲ್ಲ."

"ಆಪಾ, ನನ್ನ ಕಾಲು ನೋಡ್ರಿ."

"ಏನಾಯ್ತು ಕಾಲಿಗೆ?"

"ಏನೂ ಆಗಿಲ್ಲ. ಅದಕ್ಕ ನೋಡ್ರಿ ಅಂದೆ. ಈ ದೇಶಕ್ಕ ಬಂದಾಗಿಂದ ಯಾವ ಸೈಕಲ್ ಹತ್ತಿದ್ರೂ ನಂದು ಸರ್ಕಸ್ ಕರಡಿ ಪಾಡು. ಇದರ ಮ್ಯಾಲೆ ಮಾತ್ರ ಆರಾಮ ಕುಂತೀನಿ. ನಿಮ್ಮ ಮನಿಯವರು ಎಷ್ಟು ಎತ್ತರ ಅದಾರ?"

"ಆರಡಿ ಮೇಲೆ. ಅಡುಗೆಮನೆ ಲೈಟಿಗೆ ದಿನಾ ತಲೆ ಹೊಡ್ಕೋತಾರೆ. ಹೊಡ್ಕೊಂಡು ಆ ಲೈಟನ್ನೇ ಬೈತಾರೆ."

ಗಂಡ ಮಹಬೂಬ್ ಕಾಣೆಯಾಗಿ ಮೂರನೆಯ ವಾರ ನಡೆಯುತ್ತಿತ್ತು. ಜವೇರಿಯಾಳ ಮಾತಿನಲ್ಲಿ ಮಾತ್ರ ಅವನು ದಿನವೂ ದೀಪಕ್ಕೆ ತಲೆ ಹೊಡೆದುಕೊಳ್ಳುತ್ತಲೇ ಇದ್ದ. ಅಸ್ಮತ್ ತಿದ್ದಲು ಹೋಗಲಿಲ್ಲ.

ಡಚ್ಚರ ದೇಶದ ಆಮರ್ಸ್‌ಫೋರ್ಟ್ ರೈಲು ನಿಲ್ದಾಣದ ಕೆಳಗಿನ ಆ ಸೈಕಲ್ ನೆಲಮಾಳಿಗೆಯಲ್ಲಿ ಭಾನುವಾರದ ಮಧ್ಯಾಹ್ನಕ್ಕೂ ಸೋಮವಾರದ ಬೆಳಗಿಗೂ ಒಂದೇ ಬೆಳಕು. ಕಬ್ಬಿಣ, ಒದ್ದೆ ರಬ್ಬರು, ಯಾರದೋ ತಿಂದು ಬಿಟ್ಟ ಕರಿದ ಆಲೂಗಡ್ಡೆಯ ವಾಸನೆ. ಸಾಲುಸಾಲು ಸೈಕಲ್ಲುಗಳು ಒಡೆಯರಿಗೆ ಕಾದು ಕಾದು ಬೇಸತ್ತ ಎಮ್ಮೆಗಳ ಹಾಗೆ ಮೂತಿ ಒಂದೇ ಕಡೆಗೆ ಹಾಕಿಕೊಂಡು ನಿಂತಿದ್ದವು. ಅವುಗಳ ನಡುವೆ ಈ ಕಪ್ಪು ಸೈಕಲ್ಲನ್ನು ಗುರುತು ಹಿಡಿದವಳು ಜವೇರಿಯಾ. ಟರ್ಕಿಯವರ ಅಂಗಡಿಯಿಂದ ಈರುಳ್ಳಿ ಮೂಟೆ ಹೇರಿ ಹೇರಿ ಅದರ ಕ್ಯಾರಿಯರ್ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು.

"ಮೆವ್ರೌ!" ಎಂದು, ಡಚ್ಚರು ಮೇಡಂ ಅನ್ನುವ ಹಾಗೆ, ಕಾವಲಿನವನು ದೂರದಿಂದಲೇ ಕೂಗಿದ. ಹತ್ತಿರ ಬಂದು ಡಚ್ಚಿನಲ್ಲಿ ಕೇಳಿದ. "ಅದು ನಿಮ್ಮ ಸೈಕಲ್ಲೇನು?"

ಅಸ್ಮತ್ ತನ್ನ ಹಳದಿ ಕಾರ್ಡು ತೋರಿಸಿದಳು. ಖಾಸಗಿ ಪತ್ತೇದಾರರಿಗೆ ಈ ದೇಶ ಕೊಡುವ ಕಾರ್ಡು. ಅದಿಲ್ಲದೆ ಪಕ್ಕದ ಮನೆಯವರನ್ನು ಎರಡು ಪ್ರಶ್ನೆ ಕೇಳಿದರೂ ದಂಡ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕಾರ್ಡು ಸರಿಯಾಗಿದೆ," ಎಂದ. "ಆದರೆ ಇದರಲ್ಲಿ ಸೈಕಲ್ ಮೇಲೆ ಕೂರಬಹುದು ಅಂತ ಬರೆದಿಲ್ಲ."

ಅಸ್ಮತ್ ಇಳಿದಳು. ಮೊಣಕಾಲೂರಿ ಸೀಟಿನ ಕೆಳಗಿನ ಬೋಲ್ಟನ್ನು ಮೊಬೈಲ್ ಬೆಳಕಿನಲ್ಲಿ ನೋಡಿದಳು. ಬೋಲ್ಟಿಗೆ ತುಕ್ಕು ಹಿಡಿದಿತ್ತು. ತುಕ್ಕಿನ ನಡುವೆ ಸ್ಪ್ಯಾನರ್ ಜಾರಿದ ಗೀರು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು.

"ಇದನ್ನ ಇಲ್ಲಿ ತಂದು ನಿಲ್ಲಿಸಿದವರು ನಿಮ್ಮ ಮನಿಯವರಲ್ಲ," ಎಂದಳು. "ಅವರು ಈ ಸೀಟಿನ ಮ್ಯಾಲೆ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಿತ್ತು. ಯಾರೋ ಗಿಡ್ಡ ಮಂದಿ ಸೀಟು ಇಳಿಸಿಕೊಂಡು ಓಡಿಸ್ಕೊಂಡು ಬಂದಾರ."

ಜವೇರಿಯಾ ಪಕ್ಕದ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು.

"ಹಾಗಾದ್ರೆ ರೈಲು..."

"ರೈಲು ಹತ್ತಿದ್ದು ಸುಳ್ಳಿರಬೇಕು. ಕಂಪನಿಯವರು ಪೊಲೀಸರಿಗೆ ಏನು ಹೇಳ್ಯಾರ? ಸೈಕಲ್ ಸ್ಟೇಷನ್ನಿನಾಗ ಐತಿ, ಅಂದ್ರ ಮನುಷ್ಯಾ ರೈಲು ಹತ್ತಿ ಓಡಿಹೋಗ್ಯಾನ. ಪೊಲೀಸರೂ ಹೂಂ ಅಂದ್ರು. ವಯಸ್ಸಿಗೆ ಬಂದ ಗಂಡಸು ಮನಿ ಬಿಟ್ಟುಹೋದ್ರ ಈ ದೇಶದಾಗ ಅದು ಅವನ ಹಕ್ಕು." ಅಸ್ಮತ್ ಹಿಂದಿನ ಚಕ್ರದ ಬೀಗವನ್ನು ಬೆರಳಿನಿಂದ ತಟ್ಟಿದಳು. "ಬೀಗ ಒಡೆದಿಲ್ಲ. ಕೀಲಿ ಹಾಕಿ ತಗೊಂಡು ಹೋಗ್ಯಾರ. ಕೀಲಿ ಅವರು ಎಲ್ಲಿ ಇಡ್ತಿದ್ರು?"

"ಆಫೀಸ್ ಟ್ಯಾಗಿನಲ್ಲೇ. ಕುತ್ತಿಗೆಗೆ ಹಾಕ್ಕೋತಾರಲ್ಲ, ಐಡಿ ಕಾರ್ಡು. ಅದಕ್ಕೇ ಸಿಕ್ಕಿಸಿರ್ತಾರೆ. ಇಲ್ದಿದ್ರೆ ಕೀ ಕಳೀತಾರೆ. ಚನ್ನಪಟ್ಟಣದಲ್ಲಿ ಅವರಮ್ಮ ಸೊಂಟಕ್ಕೆ ದಾರ ಕಟ್ಟಿ ಕಳಿಸ್ತಿದ್ರಂತೆ."

"ಆ ಟ್ಯಾಗು ಅವರ ಕುತ್ತಿಗಿಯಿಂದ ಯಾವಾಗಾದ್ರೂ ಇಳೀತಿತ್ತಾ?"

ಜವೇರಿಯಾ ಯೋಚಿಸಿದಳು. ಮೇಲೆ ಯಾವುದೋ ರೈಲು ಹೊರಟಿತು, ನೆಲಮಾಳಿಗೆಯ ಸೈಕಲ್ಲುಗಳೆಲ್ಲ ಸಣ್ಣಗೆ ನಡುಗಿದವು.

"ಶುಕ್ರವಾರ," ಎಂದಳು. "ಜುಮ್ಮಾಗೆ ಬರೋವಾಗ ಟ್ಯಾಗ್ ಇರ್ತಿರಲಿಲ್ಲ. ಮಸೀದಿ ಬಾಗಿಲಲ್ಲಿ ನಾನೇ ಊಟದ ಡಬ್ಬಿ ಕೊಡ್ತಿದ್ನಲ್ಲ. ಒಂದ್ಸಲ ಕೇಳ್ದೆ. ಪಕ್ಕದ ಸೀಟಿನ ಅಕ್ಷಯಾ ಹತ್ರ ಕೊಟ್ಟು ಬಂದಿದೀನಿ ಅಂದ್ರು."

"ಅಕ್ಷಯಾ ಎಷ್ಟು ಎತ್ತರ?"

ಜವೇರಿಯಾ ಅಂಗೈಯನ್ನು ತನ್ನ ಭುಜದ ಮಟ್ಟಕ್ಕೆ ಹಿಡಿದಳು, ಅಲ್ಲೇ ಹಿಡಿದುಕೊಂಡು ನಿಂತಳು.

*

ವಾಟ್‌ಹೋರ್ಸ್ಟಿನ ಅಕ್ಷಯಾಳ ಮನೆಯ ಕಡೆ ಹೋಗುವ ಬಸ್ಸಿನಲ್ಲಿ ಇಬ್ಬರೇ. ಸವಣೂರಿನ ಅಸ್ಮತ್‌ಳ ದಖನಿ ಉರ್ದು ಜವೇರಿಯಾಳಿಗೆ ಒರಟು. ಶಿಡ್ಲಘಟ್ಟದ ಜವೇರಿಯಾಳ ದಖನಿ ಅಸ್ಮತ್‌ಳಿಗೆ ಬೆಣ್ಣೆ. ಹಾಗಾಗಿ ಇಬ್ಬರೂ ಕನ್ನಡಕ್ಕೆ ಒಪ್ಪಿಕೊಂಡಿದ್ದರು.

ಅಸ್ಮತ್ ಕಿಟಕಿಯ ಹೊರಗೆ ನೋಡುತ್ತ ಲೆಕ್ಕಾಚಾರ ಕೂಡಿಸಿದಳು.

ಮಹಬೂಬ್ ಕೆಲಸ ಮಾಡುತ್ತಿದ್ದ ಟೆಲ್ವಾರಿಕ್ಸ್ ಎಂಬ ಕಂಪನಿ ಔಷಧಿ ಮಾಡುವುದಿಲ್ಲ, ಮಾರುವುದಿಲ್ಲ, ಯಾರ ನಾಡಿಯನ್ನೂ ಹಿಡಿಯುವುದಿಲ್ಲ. ಅಮೆರಿಕದ ಇನ್ಶೂರೆನ್ಸ್ ಕಂಪನಿಗೂ ಮೆಡಿಕಲ್ ಶಾಪಿಗೂ ನಡುವೆ ಕೂತು, ಈ ರೋಗಿಯ ಈ ಮಾತ್ರೆಗೆ ದುಡ್ಡು ಕೊಡಿ, ಆ ರೋಗಿಯ ಆ ಮಾತ್ರೆಗೆ ಕೊಡಬೇಡಿ ಎಂದು ಹೇಳುವ ಮಧ್ಯವರ್ತಿ. ಹೇಳುವವರು ಆಮರ್ಸ್‌ಫೋರ್ಟಿನ ಒಂದು ಗಾಜಿನ ಕಟ್ಟಡದಲ್ಲಿ, ಬಹುಪಾಲು ಬೆಂಗಳೂರು ಮೈಸೂರಿನವರು. ಕೇಳುವವರು ಸಮುದ್ರದ ಆಚೆ, ಬಹುಪಾಲು ಕಾಯಿಲೆಯವರು.

ಅಲ್ಲಿನ ಒಂದು ರಾಜ್ಯ ಇಂಥ ಮಧ್ಯವರ್ತಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತ್ತು. ಲೈಸೆನ್ಸಿಗೆ ಒಂದು ಷರತ್ತು. 'ಇಲ್ಲ' ಎನ್ನುವ ಪ್ರತಿಯೊಂದು ಉತ್ತರವನ್ನೂ ಆ ರಾಜ್ಯದ ಪರವಾನಗಿ ಪಡೆದ ಫಾರ್ಮಸಿಸ್ಟನೊಬ್ಬ ಸ್ವತಃ ಓದಿ, ತನ್ನ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಒಪ್ಪಬೇಕು. ತಪ್ಪಿದರೆ ಒಂದೊಂದು 'ಇಲ್ಲ'ಕ್ಕೂ ಒಂದೊಂದು ದಂಡ, ಕೊನೆಗೆ ಲೈಸೆನ್ಸ್ ರದ್ದು. ಆ ಆಫೀಸಿನಲ್ಲಿ ಅಂಥ ಪರವಾನಗಿ ಇದ್ದವನು ಅಮೆರಿಕದಲ್ಲಿ ಓದಿ ಬಂದ ಮಹಬೂಬ್ ಒಬ್ಬನೇ. ಗೋವರ್ಧನಗಿರಿಯನ್ನು ಕಿರುಬೆರಳಿನಲ್ಲಿ ಎತ್ತಿದ ಹಾಗೆ ಇಡೀ ಕಂಪನಿಯ ಲೈಸೆನ್ಸನ್ನು ಅವನೊಬ್ಬನ ಕಾರ್ಡು ಎತ್ತಿ ಹಿಡಿದಿತ್ತು.

ಆಮೇಲೆ ಆ ಹುಡುಗಿ ಸತ್ತಳು. ಆ ರಾಜ್ಯದವಳು, ಮೂರ್ಛೆರೋಗದ ಶಾಲಾ ಹುಡುಗಿ. ಡಾಕ್ಟರು ಬರೆದ ಮಾತ್ರೆಗೆ 'ಇಲ್ಲ' ಬಂದಿತ್ತು, ಇನ್ನೊಂದು ಅಗ್ಗದ್ದು ನೋಡಿ ಎಂಬ ಸಲಹೆಯೊಂದಿಗೆ. 'ಇಲ್ಲ'ದ ಕೆಳಗೆ ಮಹಬೂಬನ ಹೆಸರು. ಅದು ಶುಕ್ರವಾರ ಮಧ್ಯಾಹ್ನ ಹೊರಟ ಉತ್ತರ. ಅಂಥವು ಸಾವಿರಗಟ್ಟಲೆ ಇದ್ದವು.

ಓದದೆ ಒಪ್ಪಿದೆ, ತಪ್ಪೆಲ್ಲ ನನ್ನದೇ ಎಂದು ಮಹಬೂಬ್ ಮೇಲ್ ಕಳಿಸಿ ಓಡಿಹೋಗಿದ್ದಾನೆಂದು ಕಂಪನಿ ಹೇಳುತ್ತಿತ್ತು. ತಪ್ಪು ಒಬ್ಬ ನೌಕರನದಾದರೆ ದಂಡ ಕಟ್ಟಿ ಲೈಸೆನ್ಸ್ ಉಳಿಸಿಕೊಳ್ಳಬಹುದು. ತಪ್ಪು ಆಫೀಸಿನದಾದರೆ ಲೈಸೆನ್ಸೂ ಇಲ್ಲ, ಆಫೀಸೂ ಇಲ್ಲ. ಆಫೀಸಿಲ್ಲದಿದ್ದರೆ ಅದರ ಹೆಸರಿನಲ್ಲಿ ಈ ದೇಶದಲ್ಲಿರುವವರ ಪರ್ಮಿಟ್ಟುಗಳೂ ಇಲ್ಲ.

ನಾಳೆ ಆ ರಾಜ್ಯದ ಕಮಿಷನರ್ ಮುಂದೆ ವಿಚಾರಣೆ. ಜವೇರಿಯಾಳಿಗೆ ಬೇಕಾಗಿದ್ದು ಒಂದೇ. ಸತ್ತ ಮಗುವಿನ ಹೆಸರಿನ ಪಕ್ಕದಲ್ಲಿ ಗಂಡನ ಹೆಸರು ಇರಕೂಡದು.

"ಗಿಡ್ಡ ಅಂದ್ರೆ ಸ್ವಾಮಿ ಸರ್ ಕೂಡ ಗಿಡ್ಡವೇ," ಎಂದಳು ಜವೇರಿಯಾ ಇದ್ದಕ್ಕಿದ್ದಂತೆ. ಸ್ವಾಮಿ ಸರ್ ಅಂದರೆ ನಾರಾಯಣಸ್ವಾಮಿ, ಆಫೀಸಿನ ಮುಖ್ಯಸ್ಥ. "ಅವರೂ ಇರಬಹುದಲ್ವಾ?"

"ಅವರಿಗೆ ಮೊಣಕಾಲು ಆಪರೇಷನ್ ಆಗೇತಿ. ಮೆಟ್ಟಿಲು ಹತ್ತಾಕ ಒದ್ದಾಡ್ತಾರ. ಸಾತ್ವಿಕ್ ಅಂತ ಆಫೀಸಿನಾಗ ಇನ್ನೊಬ್ಬ ಇದ್ದಾನಲ್ಲ, ಅವನು ಗಿಡ್ಡ ಆದ್ರೂ ಸೈಕಲ್ ಬರಂಗಿಲ್ಲ, ಕಾರೊಳಗ ಓಡಾಡ್ತಾನ."

"ಅಕ್ಷಯಾ ನಮ್ಮನೆಗೆ ಈದ್‌ಗೆ ಬಂದಿದ್ಲು," ಎಂದಳು ಜವೇರಿಯಾ. "ನಂಗೋಸ್ಕರ ಹೋಳಿಗೆ ಮಾಡ್ಕೊಂಡು ಬಂದಿದ್ಲು."

ಹೋಳಿಗೆ ತಂದುಕೊಟ್ಟವರೇ ಕೊನೆಗೆ ಸಿಕ್ಕಿಬೀಳುವುದನ್ನು ಅಸ್ಮತ್ ಎಷ್ಟೋ ಸಲ ನೋಡಿದ್ದಳು. ಹೋಳಿಗೆ ತರದವರ ಹತ್ತಿರ ಕೀಲಿ ಕೊಡುವವರು ಯಾರು?

*

ಬಾಗಿಲು ತೆರೆದವರು ಅಕ್ಷಯಾಳ ಅತ್ತೆ ಗಿರಿಜಮ್ಮ. ಮೈಸೂರಿನ ಸರಸ್ವತಿಪುರಂನಿಂದ ಬಂದ ಅವರು ಸೀರೆಯ ಮೇಲೆ ಮಗನ ಸ್ವೆಟರು, ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡಿದ್ದರು.

"ಬನ್ನಿ ಬನ್ನಿ, ಗಾಳಿ ಒಳಗೆ ಬರತ್ತೆ, ಮೊದ್ಲು ಬಾಗಿಲು ಹಾಕಿ. ಜವೇರಿಯಾ ಅಲ್ವೇನಮ್ಮ? ಎಷ್ಟು ಸೊರಗಿಬಿಟ್ಟಿದೀಯ! ಸಿಕ್ಕಿದ್ರಾ ನಿಮ್ಮೆಜಮಾನ್ರು?"

"ಇಲ್ಲ ಅಮ್ಮ."

"ಸಿಗ್ತಾರೆ. ಚಾಮುಂಡಿಗೆ ಹರಕೆ ಹೊತ್ತಿದೀನಿ. ನಿಮ್ಮೋರಿಗೆ ಹೊತ್ರೆ ಆಗತ್ತೋ ಇಲ್ವೋ ಗೊತ್ತಿಲ್ಲ. ಆಗತ್ತೆ ಬಿಡು, ಅವಳೇನು ಪರ್ಮಿಟ್ ಕೇಳ್ತಾಳಾ?"

ಅಕ್ಷಯಾ ಅಡುಗೆಮನೆಯಿಂದ ಇಣುಕಿದಳು. ಜವೇರಿಯಾಳನ್ನು ನೋಡಿದಳು, ಅಸ್ಮತ್‌ಳನ್ನು ನೋಡಿದಳು. ನಗು ಮುಖದ ಮೇಲೆ ಬರುವಷ್ಟರಲ್ಲೇ ದಾರಿ ತಪ್ಪಿತು.

"ಭಾಭಿ... ಕೂತ್ಕೊಳ್ಳಿ. ಕಾಫಿ ತರ್ತೀನಿ." ಹೊರಟವಳು ಮೇಜಿನ ಮೇಲಿದ್ದ ಮೊಬೈಲನ್ನೂ ಎತ್ತಿಕೊಂಡು ಹೋದಳು.

ಗಿರಿಜಮ್ಮ ಅಸ್ಮತ್‌ಳನ್ನು ಮೇಲಿಂದ ಕೆಳಗೆ ಅಳೆದರು. "ನೀನು ಯಾರಮ್ಮ? ಏನು ಕೆಲಸ?"

"ಹುಡುಕೋ ಕೆಲಸರಿ. ಮಂದಿ ಕಳಕೊಂಡಿದ್ದನ್ನ ಹುಡುಕಿ ಕೊಡ್ತೀನಿ."

"ಮದುವೆ?"

"ಅದನ್ನ ಮಾತ್ರ ಇನ್ನೂ ಹುಡುಕಿಲ್ಲರಿ."

ಗಿರಿಜಮ್ಮ ಮನಸಾರೆ ನಕ್ಕರು. ಮಾತಾಡಲು ಜನ ಸಿಕ್ಕ ಖುಷಿ ಅವರ ಮುಖದ ಮೇಲಿತ್ತು. ಮಧ್ಯಾಹ್ನ ತಣ್ಣಗಿನ ಬ್ರೆಡ್ ತಿನ್ನುವ ಈ ಜನರ ಬಗ್ಗೆ, ಪರದೆ ಹಾಕದ ಕಿಟಕಿಗಳ ಬಗ್ಗೆ, ಅಜ್ಜಿಯ ಜೊತೆ ಡಚ್ಚಿನಲ್ಲಿ ಮಾತಾಡುವ ಮೊಮ್ಮಗಳು ಅಮೂಲ್ಯಾಳ ಬಗ್ಗೆ ಹೇಳಿದರು. ಅಸ್ಮತ್ ಕೇಳುತ್ತ ಕೂತಳು. ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ಹೂಂ ಅನ್ನುವುದು.

"ಇಲ್ಲಿ ಎಲ್ಲಾದಕ್ಕೂ ಸೈಕಲ್ ಬೇಕಂತಲ್ಲರಿ," ಎಂದಳು ನಡುವೆ. "ನಿಮ್ಮ ಸೊಸಿಗೆ ಬರ್ತದಾ?"

"ಬರದೇ ಏನು! ಮಗೂನ ಹಿಂದೆ ಕೂರಿಸ್ಕೊಂಡು ಗಾಳೀಲಿ ಹೋಗ್ತಾಳೆ. ನಂಗೆ ಎದೆ ಹೊಡ್ಕೊಳತ್ತೆ. ಅವತ್ತು ಯಾರದೋ ಒಂದು ದೊಡ್ಡ ಕರೀ ಸೈಕಲ್ ಮನೆಗೆ ತಂದಿದ್ಲು ನೋಡು. ತಳ್ಕೊಂಡೇ ಬಂದಿದ್ಲು ಪಾಪ, ಕಾಲೇ ಎಟುಕ್ತಿರಲಿಲ್ಲ. ಆಮೇಲೆ ನನ್ನ ಮಗ ಚಿರಾಗ್ ಸ್ಪ್ಯಾನರ್ ತಗೊಂಡು ಸೀಟು ಇಳಿಸಿಕೊಟ್ಟ. ತುಕ್ಕು ಹಿಡಿದಿತ್ತಂತೆ, ಕೈ ತರಚ್ಕೊಂಡ. ಇನ್ನೊಬ್ಬರ ವಸ್ತು ಯಾಕೋ ಮುಟ್ತೀಯ ಅಂದ್ರೆ, ಸುಮ್ನಿರಮ್ಮ ಆಫೀಸ್ ಕೆಲಸ ಅಂದ."

ಅಡುಗೆಮನೆಯಲ್ಲಿ ಲೋಟವೊಂದು ನೆಲಕ್ಕೆ ಬಿತ್ತು. ಸ್ಟೀಲಿನದು. ಬಹಳ ಹೊತ್ತು ಉರುಳಿತು.

ಜವೇರಿಯಾ ಎದ್ದು ನಿಂತಳು.

"ಕೂತ್ಕೋ ತಾಯಿ, ಕಾಫಿ ಬರತ್ತೆ," ಎಂದರು ಗಿರಿಜಮ್ಮ.

"ನಾನು ಸಹಾಯ ಮಾಡಿ ಬರ್ತೀನಿ ಅಮ್ಮ," ಎಂದಳು ಜವೇರಿಯಾ. ಅವಳ ದನಿ ತೀರ ಮೆದುವಾಗಿತ್ತು. ಅಸ್ಮತ್ ಕೂಡ ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿದಳು.

*

ಅಕ್ಷಯಾ ಸಿಂಕಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಹಂತದಲ್ಲಿತ್ತು. ಜವೇರಿಯಾ ಮೊದಲು ಒಲೆ ಆರಿಸಿದಳು. ಆಮೇಲೆ ಕೇಳಿದಳು.

"ಅವರೆಲ್ಲಿ?"

"ಭಾಭಿ, ನಂಗೆ ಗೊತ್ತಿಲ್ಲ. ಅಮೂಲ್ಯಾ ಮೇಲಾಣೆ ಗೊತ್ತಿಲ್ಲ."

"ಮಗು ಮೇಲೆ ಆಣೆ ಇಡಬೇಡ," ಎಂದಳು ಜವೇರಿಯಾ. "ಸತ್ತ ಮಗುವಿನ ಲೆಕ್ಕ ಆಗಲೇ ಒಂದಿದೆ."

ಅಕ್ಷಯಾ ಕುಗ್ಗಿದಳು. ಅಸ್ಮತ್ ನಡುವೆ ಬಂದಳು.

"ಟ್ಯಾಗು ನಿಮ್ಮ ಹತ್ರ ಇತ್ತು. ಅದರಾಗ ಕಾರ್ಡೂ ಇತ್ತು, ಸೈಕಲ್ ಕೀಲಿನೂ ಇತ್ತು. ಸೈಕಲ್ ಓಡಿಸಿದ್ದು ನೀವಂತ ನಿಮ್ಮ ಅತ್ತಿಯವರು ಹೇಳಿದ್ರು. ಕಾರ್ಡು ತೋರಿಸಿದ್ದು ಯಾರು ಅಂತ ನೀವು ಹೇಳ್ರಿ."

ಅಕ್ಷಯಾ ಬಿದ್ದ ಲೋಟವನ್ನು ಎತ್ತಿ ಸಿಂಕಿನೊಳಗಿಟ್ಟಳು.

"ಅವರಾಗೇ ಕೊಡ್ತಿದ್ರು," ಎಂದಳು ಅಕ್ಷಯಾ ಕೊನೆಗೆ. "ಸ್ಕ್ರೀನ್ ಲಾಕ್ ಆಗದ ಹಾಗೆ ನೋಡ್ಕೋ ಅಂತ. ನಾನು ಮಗೂನ ಕರ್ಕೊಂಡು ಬರೋಕೆ ಬೇಗ ಹೊರಟಾಗ ನಂದನ್ನ ಅವರು ನೋಡ್ಕೊಳ್ಳೋರು. ಅಷ್ಟೇ ಭಾಭಿ. ಅಡ್ಜಸ್ಟ್‌ಮೆಂಟು. ನಮ್ಮ ಟೀಮಲ್ಲಿ ಎಲ್ಲರೂ ಮಾಡ್ತಾರೆ. ಊರಿಗೆ ಹೋದವರ ಪಾಸ್‌ವರ್ಡ್ ಕೂಡ ಯಾರೋ ಒಬ್ಬರ ಹತ್ರ ಇರತ್ತೆ."

"ಡಚ್ಚರು ಮಾಡ್ತಾರಾ?" ಅಸ್ಮತ್ ಕೇಳಿದಳು.

"ಇಲ್ಲ. ಅವರು ಐದು ಗಂಟೆಗೆ ಸ್ಕ್ರೀನ್ ಮುಚ್ಚಿ ಎದ್ದು ಹೋಗ್ತಾರೆ. ಕಾರ್ಡ್ ಕೇಳಿದ್ರೆ ಹಲ್ಲುಜ್ಜೋ ಬ್ರಷ್ ಕೇಳಿದ ಹಾಗೆ ನೋಡ್ತಾರೆ."

ಅಸ್ಮತ್‌ಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಪಕ್ಕದವನಿಗೆ ಉಪಕಾರ ಮಾಡುವುದನ್ನು ಅಪರಾಧವೆಂದು ಯಾವ ಊರಿನ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

"ಆಮ್ಯಾಲೆ?"

"ಒಂದು ಶುಕ್ರವಾರ ಸ್ವಾಮಿ ಸರ್ ಹಿಂದೆ ಬಂದು ನಿಂತ್ರು. ಮಹಬೂಬ್ ಭಾಯ್ ನಮಾಜ್‌ಗೆ ಹೋದಾಗ ಕ್ಯೂ ನಿಂತುಬಿಡ್ತಿತ್ತು. ಟೈಮ್ ಮೀರಿದ್ರೆ ಸಿಸ್ಟಮ್ ತಾನಾಗೇ 'ಕೊಡಿ' ಅಂತ ಕಳಿಸಿಬಿಡತ್ತೆ. ಕಂಪನಿಗೆ ಲಾಸು. ಸರ್ ಅಂದ್ರು, ಕ್ಲಿಯರ್ ಮಾಡಮ್ಮ, ಕೊಡಬೇಡಿ ಅಂತ ಕಂಪ್ಯೂಟರೇ ಹೇಳಿದೆ, ನೀನು ಬರೀ ಒತ್ತೋದು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಅವಳು ತನ್ನ ಕೈಯನ್ನು ನೋಡಿಕೊಂಡಳು. "ನಾನು ಸಾಫ್ಟ್‌ವೇರ್ ಟೆಸ್ಟರು. ಆ ಮಾತ್ರೆಗಳ ಹೆಸರು ಓದೋಕೂ ನಂಗೆ ಬರಲ್ಲ. ಆಮೇಲಾಮೇಲೆ ಸರ್ ಬೇರೆ ದಿನದ್ದೂ ಶುಕ್ರವಾರಕ್ಕೇ ಎತ್ತಿಡೋಕೆ ಶುರು ಮಾಡಿದ್ರು. ಮಹಬೂಬ್ ಭಾಯ್ ಓದಿದ್ರೆ ಒಪ್ಪದೇ ಇರೋವೆಲ್ಲ ನನ್ನ ಪಾಲಿಗೆ."

"ನನ್ನ ಗಂಡನಿಗೆ ಗೊತ್ತಿತ್ತಾ?" ಜವೇರಿಯಾ ಕೇಳಿದಳು.

"ಇಲ್ಲ ಭಾಭಿ. ಆ ಕೊನೇ ಶುಕ್ರವಾರದವರೆಗೂ ಇಲ್ಲ. ಅವತ್ತು ಆ ಹುಡುಗಿ ಬಗ್ಗೆ ಅಮೆರಿಕದಿಂದ ನೋಟಿಸ್ ಬಂತು. ನಮಾಜ್ ಮುಗಿಸಿ ಬಂದವರನ್ನ ಸರ್ ರೂಮಿಗೆ ಕರೆದ್ರು. ಹೊರಗೆ ಬಂದವರು ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದ್ರು. ಆ ಹುಡುಗೀದು ನೀನು ಒತ್ತಿದ್ಯಾ ಅಂತ. ನಾನು ನೆನಪಿಲ್ಲ ಅಂದೆ." ಅವಳು ಸಿಂಕಿನ ಅಂಚು ಹಿಡಿದುಕೊಂಡಳು. "ನಿಜವಾಗ್ಲೂ ನೆನಪಿಲ್ಲ. ಅದೇ ಭಾಭಿ... ನೆನಪೇ ಇಲ್ಲ. ಅವರು ಟ್ಯಾಗ್ ತಗೊಳ್ಳದೇ ನಡ್ಕೊಂಡು ಹೊರಟುಹೋದ್ರು. ಸಂಜೆ ಸರ್, ಸೈಕಲ್ ಸ್ಟೇಷನ್ ಹತ್ರ ಬಿಟ್ಟುಬಿಡು ಅಂದ್ರು. ಯಾಕೆ ಅಂತ ಕೇಳಲಿಲ್ಲ. ಒತ್ತು ಅಂದಾಗಲೂ ಕೇಳಿರಲಿಲ್ಲ."

ಜವೇರಿಯಾ ಗೋಡೆಗೆ ಒರಗಿದಳು. ಗಂಡ ತಪ್ಪು ಮಾಡಿಲ್ಲ ಎಂಬ ಮಾತನ್ನು ಮೂರು ವಾರದಿಂದ ಲೋಕಕ್ಕೆಲ್ಲ ಹೇಳುತ್ತ ಬಂದವಳು ಅದನ್ನು ಮೊದಲ ಬಾರಿ ಇನ್ನೊಬ್ಬರ ಬಾಯಿಂದ ಕೇಳಿದ್ದಳು. ಮುಖದಲ್ಲಿ ಸಮಾಧಾನದ ಸುಳಿವಿರಲಿಲ್ಲ. ಬೆಟ್ಟ ಹತ್ತಿ ಬಂದವರಿಗೆ ಗುಡಿಯ ಬಾಗಿಲು ಹಾಕಿದ್ದು ಕಂಡರೆ ಮುಖ ಹೀಗಾಗುತ್ತದೆ.

ಅಸ್ಮತ್ ದನಿ ತಗ್ಗಿಸಿದಳು. "ಕೇಳ್ರಿ ಅಕ್ಷಯಾ. ನಾಳೆ ವಿಡಿಯೋದಾಗ ವಿಚಾರಣಿ ಐತಿ. ಅಲ್ಲಿಯ ಕಮಿಷನರ್ ಕಡೆ ವಕೀಲರ ಜೋಡಿ ನಾನು ಮಾತಾಡೀನಿ. ಮೊದಲು ಬಂದು ಖರೆ ಹೇಳಿದವರ ಮ್ಯಾಲೆ ಕೇಸು ಹಾಕಂಗಿಲ್ಲ ಅಂತ ಬರೆದು ಕೊಡ್ತಾರ. ಕೆಲಸ ಹೋದ್ರೂ ಬ್ಯಾರೆ ಹುಡುಕಾಕ ಈ ದೇಶ ಮೂರು ತಿಂಗಳು ಕೊಡ್ತೈತಿ. ಆಪಾನೂ ನಾಳೆ ಪ್ರಮಾಣ ಮಾಡಿ ಹೇಳ್ತಾರ, ಪ್ರತಿ ಶುಕ್ರವಾರ ಆ ಹೊತ್ತಿನಾಗ ಗಂಡ ಮಸೀದಿ ಬಾಗಿಲಾಗ ತನ್ನ ಕೈಯಿಂದ ಡಬ್ಬಿ ತಗೊಂಡ ಅಂತ. ಅವರ ಮಾತಿನ ಜೋಡಿ ನಿಮ್ಮ ಮಾತೂ ಬೇಕು."

"ಭಾಭಿ ಮಾತನ್ನ ನಂಬ್ತಾರಾ? ಭಾಯ್ ಮೇಲ್ ಬರೆದಿದ್ದಾರಲ್ಲ."

"ಅದಕ್ಕ ಮೊದಲನೇ ಪ್ರಶ್ನಿನೇ ಅದು ಇರ್ತೈತಿ ಅಂತ ವಕೀಲರು ಹೇಳ್ಯಾರ. ಕಾಣೆಯಾದ ಮ್ಯಾಲೆ ಗಂಡ ನಿಮ್ಮ ಜೋಡಿ ಮಾತಾಡ್ಯಾನೇನು, ತಪ್ಪು ಒಪ್ಪಿಕೊಂಡಾನೇನು? ಇಲ್ಲ ಅಂತ ಆಪಾ ಪ್ರಮಾಣ ಮಾಡಬೇಕು. ಇವತ್ತಿನ ತನಕ ಅದು ಖರೆನೂ ಐತಿ."

ಅಕ್ಷಯಾಳ ಮುಖದಲ್ಲಿ ಏನೋ ಒಂದು ಕುಸಿಯಿತು. ಅವಳು ಸಿಂಕಿನ ಪಕ್ಕದಲ್ಲಿ ಬೋರಲು ಹಾಕಿದ್ದ ಮೊಬೈಲನ್ನು ನೋಡಿದಳು.

"ಏನದು?" ಅಸ್ಮತ್ ಕೇಳಿದಳು.

"ಅವರು... ಬದುಕಿದ್ದಾರೆ."

ಜವೇರಿಯಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಮೊನ್ನೆ ಫೋನ್ ಮಾಡಿದ್ರು. ಬೇರೆ ನಂಬರಿಂದ. ಎಲ್ಲಿದ್ದಾರೆ ಅಂತ ಹೇಳಲಿಲ್ಲ. ಆ ಮೇಲ್ ಅವರೇ ಬರೆದಿದ್ದಂತೆ, ಯಾರೂ ಬಲವಂತ ಮಾಡಲಿಲ್ಲವಂತೆ. ನೀನು ಬಾಯಿ ಬಿಡಬೇಡ ಅಂದ್ರು. ನನ್ನೊಬ್ಬನಿಗೆ ಹೋಗಲಿ, ಅಷ್ಟು ಮನೆಗಳು ಯಾಕೆ ಮುಳುಗಬೇಕು, ಬೇರೆ ಯಾರ ಕೆಲಸಾನೂ ಹೋಗಲ್ಲ ಅಂತ ಸ್ವಾಮಿ ಸರ್ ಮಾತು ಕೊಟ್ಟಿದ್ದಾರೆ ಅಂದ್ರು." ಅಕ್ಷಯಾ ಕೆನ್ನೆ ಒರೆಸಿಕೊಂಡಳು. "ಆಮೇಲೆ ಅಂದ್ರು, ಆ ಮಗು ಲೆಕ್ಕದಲ್ಲಿ ನಾನೇನು ಶುದ್ಧ ಅಲ್ಲ ಅಕ್ಷಯಾ, ದೇವರ ಮುಂದೆ ಮೈ ತಗೊಂಡು ಹೋದೆ, ಕೈನ ನಿನ್ನ ಮೇಜಿನ ಮೇಲೆ ಬಿಟ್ಟು ಹೋದೆ ಅಂತ."

"ನನಗ್ಯಾಕೆ ಮಾಡಲಿಲ್ಲ?" ಜವೇರಿಯಾಳ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. "ನಿನಗೆ ಮಾಡಿದ್ರು. ನನಗ್ಯಾಕೆ ಮಾಡಲಿಲ್ಲ?"

"ನಿಮ್ಮ ಫೋನ್ ಪೊಲೀಸರು ನೋಡ್ತಿರಬಹುದು ಅಂತ ಹೆದರಿಕೆ ಅವರಿಗೆ. ಜವೇರಿಯಾ ನಿನ್ನ ಹುಡುಕ್ಕೊಂಡು ಬಂದೇ ಬರ್ತಾಳೆ, ಬಂದಾಗ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡು, ನಾನೇ ಅವಳಿಗೆ ತಿಳಿಸಿ ಹೇಳ್ತೀನಿ ಅಂದ್ರು." ಅವಳು ತಲೆ ತಗ್ಗಿಸಿದಳು. "ಕಾಫಿಗೆ ಅಂತ ಒಳಗೆ ಬಂದಾಗ ಕೊಟ್ಟೆ."

ಅಸ್ಮತ್ ಕಣ್ಣು ಮುಚ್ಚಿ ತೆರೆದಳು. ಇಲ್ಲೂ ಅದೇ. ಹೇಳಿದರು, ಮಾಡಿದಳು.

"ಹಂಗಾದ್ರ ನಾಳೆ ನೀವು..."

"ಭಾಯ್ ಹೇಳಿದ ಹಾಗೆ. ಅವರು ನಿಜ ಹೇಳು ಅಂದ್ರೆ ನಿಜ ಹೇಳ್ತೀನಿ. ಸುಮ್ನಿರು ಅಂದ್ರೆ ಸುಮ್ನಿರ್ತೀನಿ. ಅವರ ಹೆಸರಲ್ಲಿ ಅಷ್ಟು ಮಾಡಿದೀನಿ ನಾನು, ಇದೊಂದನ್ನಾದರೂ ಅವರನ್ನ ಕೇಳಿ ಮಾಡಬೇಕು. ಭಾಭಿ, ನೀವು ಹೇಳಿದ್ರೆ ಅವರು ಕೇಳಬಹುದು."

ಮೊಬೈಲು ಸಿಂಕಿನ ಕಲ್ಲಿನ ಮೇಲೆ ನಡುಗತೊಡಗಿತು.

ಹೊರಗಿನಿಂದ ಗಿರಿಜಮ್ಮ ಕೂಗಿದರು. "ಏನ್ರೇ ಅದು ಕಾಫಿನೋ ಕಷಾಯನೋ? ಇಷ್ಟು ಹೊತ್ತು!"

ಅಕ್ಷಯಾ ಮೊಬೈಲನ್ನು ಎತ್ತಿದಳು, ಬೆರಳು ಎಳೆದಳು, ಕಿವಿಗೆ ಹಿಡಿದು "ಹಾಂ ಭಾಯ್, ಇಲ್ಲೇ ಇದ್ದಾರೆ" ಎಂದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಜವೇರಿಯಾಳ ಮುಂದೆ ಚಾಚಿದಳು.

ಆ ಸಣ್ಣ ಯಂತ್ರದೊಳಗಿಂದ ಗಂಡಸಿನ ದನಿಯೊಂದು ಇರುವೆ ಗಾತ್ರದಲ್ಲಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಹೆಸರು ಕರೆಯುತ್ತಿದ್ದ ಎಂಬುದಷ್ಟು ತಿಳಿಯುತ್ತಿತ್ತು.

ಜವೇರಿಯಾಳ ಕೈ ತಾನಾಗಿ ಮುಂದೆ ಬಂತು. ಅರ್ಧಕ್ಕೆ ನಿಂತಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡಳು, ಬಿಸಿಗೆ ಚಾಚಿದ ಮಗುವಿನ ಕೈಯನ್ನು ತಾಯಿ ಎಳೆದುಕೊಳ್ಳುವ ಹಾಗೆ.

"ಆಪಾ," ಎಂದಳು ಅಸ್ಮತ್. "ತಗೋರಿ. ನಾಳೆಯ ಪ್ರಮಾಣದ ಮಾತು ನಾಳೆ ನೋಡೂಣು. ಮನುಷ್ಯಾ ಜೀವಂತ ಅದಾನ. ತಗೋರಿ."

"ಭಾಭಿ, ಕಟ್ ಮಾಡಿಬಿಡ್ತಾರೆ. ಮತ್ತೆ ಮಾಡ್ತಾರೋ ಇಲ್ವೋ. ಪ್ಲೀಸ್, ಒಂದ್ಸಲ ಹಲೋ ಅನ್ನಿ."

ಜವೇರಿಯಾ ಮೊಬೈಲಿನ ಕಡೆ ನೋಡಲಿಲ್ಲ. ಕಿಟಕಿಯಾಚೆ ಯಾರದೋ ಹಿತ್ತಲಿನಲ್ಲಿ ಒಣಗಲು ಹಾಕಿದ ಬಟ್ಟೆ ಗಾಳಿಗೆ ಬಡಿದಾಡುತ್ತಿತ್ತು. ಅದನ್ನು ನೋಡುತ್ತ, ಯಾರೋ ಇನ್ನೊಂದು ತುತ್ತು ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಇಟ್ಟು ಹೇಳುವ ದನಿಯಲ್ಲಿ ಹೇಳಿದಳು.

"ಬೇಡ. ನಾನು ಮಾತಾಡಲ್ಲ."